ಶನಿವಾರಕ್ಕೆ ಎರಡು ಸಾವು

ಓತಾ ಜೆಲೆಂಕಾ ಬೇಸಿಗೆಯ ಪ್ರತಿ ಶನಿವಾರ ಎರಡು ಸಲ ಸಾಯುತ್ತಿದ್ದ. ಊಟಕ್ಕೆ ಮುಂಚೆ ಸೀಚಿನ್ ಕೋಟೆಯಲ್ಲಿ ಒಮ್ಮೆ, ಊಟವಾದ ಮೇಲೆ ಕೊಬಿಲ್ಕಾ ಕೋಟೆಯಲ್ಲಿ ಇನ್ನೊಮ್ಮೆ. ಎರಡು ಕೋಟೆಗಳ ನಡುವೆ ಪೈನ್ ಕಾಡು, ಕಾಡಿನ ತುಂಬ ಇಗರ್ಜಿಯ ಗೋಪುರದಷ್ಟು ಎತ್ತರದ ಮರಳುಗಲ್ಲಿನ ಬಂಡೆಗಳು. ಬಸ್ಸು ಆ ಬಂಡೆಗಳನ್ನೆಲ್ಲ ಸುತ್ತಿ ಬಳಸಿ ಹೋಗುವಷ್ಟರಲ್ಲಿ ಕೊಬಿಲ್ಕಾದ ಆಟವೇ ಮುಗಿದಿರುತ್ತಿತ್ತು. ಆದ್ದರಿಂದ ಸತ್ತವನು ಎದ್ದು, ಮೈ ಕೊಡವಿಕೊಂಡು, ಕಾಡಿನ ಜಲ್ಲಿ ದಾರಿಯಲ್ಲಿ ಸೈಕಲ್ ತುಳಿದು ಹೋಗಿ ಮತ್ತೆ ಸಾಯಬೇಕಾಗಿತ್ತು.

ಹುಟ್ಟಾ ಅವನು ತಗಡಿನ ಕೆಲಸದವನು. ಅಪ್ಪನೂ ಅದೇ. ಆ ಕಡೆಯ ಮನೆಗಳ ಸೂರಿಗೆ ನೀರು ಹರಿಯುವ ದೋಣಿ ಕೂರಿಸುವುದು, ಹೊಗೆ ಗೂಡಿಗೆ ಟೋಪಿ ಹಾಕುವುದು ಅವರ ಕಸುಬು. ಓತಾನಿಗೆ ಕಸುಬಿನ ಜೊತೆ ಇನ್ನೊಂದು ವಿದ್ಯೆಯೂ ಒಲಿದಿತ್ತು: ಬೀಳುವುದು. ಹುಡುಗನಾಗಿದ್ದಾಗ ಇಗರ್ಜಿಯ ಮಾಡಿನಿಂದ ಜಾರಿ ಪಾದ್ರಿಗಳ ಗೊಬ್ಬರದ ಗುಂಡಿಗೆ ಬಿದ್ದ. ಮದುವೆಯಾದ ವರ್ಷ ಶಾಲೆಯ ಸೂರಿನಿಂದ ಹಿಮದ ರಾಶಿಗೆ ಬಿದ್ದ. ಅದಾದ ಮೇಲೆ ಅಗ್ನಿಶಾಮಕ ದಳದ ಕಟ್ಟಡದಿಂದ, ಕೆಳಗೆ ಆ ದಳದವರು ಕಂಬಳಿ ಹಿಡಿದು ಅಭ್ಯಾಸ ಮಾಡುತ್ತಿದ್ದಾಗಲೇ, ಕಂಬಳಿಯ ನಟ್ಟನಡುವೆ ಬಿದ್ದ. ಅವನ ಮೂಳೆ ಒಂದೂ ಮುರಿಯಲಿಲ್ಲ. ಕಂಬಳಿ ಹಿಡಿದವರಲ್ಲಿ ಒಬ್ಬನ ಬೆರಳು ಉಳುಕಿತು, ಅಷ್ಟೆ.

ಸೀಚಿನ್ ಕೋಟೆಯ ಉಸ್ತುವಾರಿ ಹೆದ್ವಿಕಾ ಕ್ರೌಪೊವಾ ಎಂಬ ಹೆಂಗಸು ಒಮ್ಮೆ ಅವನನ್ನು ಕೋಟೆಬಾಗಿಲ ಮೇಲಿನ ತಗಡು ಸರಿಪಡಿಸಲು ಕರೆಸಿದಳು. ಓತಾ ಸುರುಳಿ ತಗಡಿನ ಸಮೇತ ಏಣಿಯಿಂದ ಜಾರಿ, ಗುಡುಗಿನಂಥ ಸದ್ದು ಮಾಡುತ್ತ ಮೆಟ್ಟಿಲುಗಳ ಮೇಲೆ ಉರುಳಿ, ಪ್ರವಾಸಿಗಳ ಕಾಲ ಬುಡದಲ್ಲಿ ಮಲಗಿದ. ಪ್ರವಾಸಿಗಳು ಬಗ್ಗಿ ನೋಡಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

"ಜೆಲೆಂಕಾ ಅವರೇ, ಪ್ರತಿ ಶನಿವಾರ ಹೀಗೇ ಬೀಳೋಕಾಗುತ್ತಾ?" ಎಂದಳು ಕ್ರೌಪೊವಾ.

ಓತಾನಿಗೆ ಯಾರಿಗೂ 'ಆಗಲ್ಲ' ಎಂದು ಹೇಳಿ ಅಭ್ಯಾಸವಿರಲಿಲ್ಲ. "ಆಗುತ್ತೆ ಮೇಡಂ" ಎಂದ.

ಸೂರಿನ ದೋಣಿಯ ತಗಡಿನಿಂದಲೇ ಕವಚ ಮಾಡಿಕೊಂಡ. ಎದೆಗೆ, ಬೆನ್ನಿಗೆ, ತೊಡೆಗೆ ತಗಡು. ತಲೆಗೆ ಮುಖ ಮುಚ್ಚುವ ಶಿರಸ್ತ್ರಾಣ. ಬಿದ್ದರೆ ಅಡುಗೆ ಮನೆಯ ಅಟ್ಟವೇ ಕುಸಿದಂತೆ ಸದ್ದು. ಪ್ರವಾಸಿಗಳಿಗಾಗಿ ಕೋಟೆಯಲ್ಲಿ ಆಡುವ ಕಾಳಗದ ಆಟದಲ್ಲಿ ಅವನ ಪಾತ್ರ ಕೊಬಿಲ್ಕಾದ ದುಷ್ಟ ದೊರೆಯದು. ಹಿಂದೆ ಯಾವುದೋ ಕಾಲದಲ್ಲಿ ಸೀಚಿನ್ ದೊರೆಗೂ ಕೊಬಿಲ್ಕಾ ದೊರೆಗೂ ಒಂದು ಮೀನಿನ ಕೆರೆಯ ವಿಷಯಕ್ಕೆ ಜಗಳವಾಗಿ, ಒಬ್ಬ ಇನ್ನೊಬ್ಬನನ್ನು ಕಡಿದಿದ್ದನಂತೆ. ಯಾರು ಯಾರನ್ನು ಕಡಿದರು ಎನ್ನುವುದು ಮಾತ್ರ ಯಾವ ಕೋಟೆಯಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ. ಕೆರೆ ಬತ್ತಿ ಈಗ ಅಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಜಗಳ ಬತ್ತಿರಲಿಲ್ಲ. ಕೊಬಿಲ್ಕಾದ ಉಸ್ತುವಾರಿ ಚೆನೆಕ್ ಪೊಸ್ಪೀಶಿಲ್ ಒಂದು ಸಭೆಯಲ್ಲಿ ಇದೇ ವಿಷಯಕ್ಕೆ ಕ್ರೌಪೊವಾಳ ಮೇಲೆ ಗಸಗಸೆ ತುಂಬಿದ ಬನ್ನು ಎಸೆದಿದ್ದ. ಅಂದಿನಿಂದ ಅವರಿಬ್ಬರದು ಎಣ್ಣೆ ಸೀಗೆಕಾಯಿ, ಮಾತಿಲ್ಲ ಕತೆಯಿಲ್ಲ.

ಸೀಚಿನ್‌ನಲ್ಲಿ ಯಾರೋ ಸೊಗಸಾಗಿ ಬೀಳುತ್ತಾನಂತೆ ಎಂಬ ಸುದ್ದಿ ಪೊಸ್ಪೀಶಿಲ್‌ನ ಕಿವಿಗೂ ಬಿತ್ತು. ಅವನಿಗಿಂತ ಚೆನ್ನಾಗಿ ಬೀಳುವವನು ಬೇಕೆಂದು ಹುಡುಕಿ ಹುಡುಕಿ, ಮೂರು ಮಾಡುಗಳಿಂದ ಬಿದ್ದು ಬದುಕಿದ ಓತಾನ ಮನೆಯ ಬಾಗಿಲಿಗೇ ಬಂದು ನಿಂತ.

"ಆ ಸೀಚಿನ್ನಿನವನನ್ನ ನೀವು ಮೀರಿಸಬೇಕು ಕಣ್ರೀ. ಆಗುತ್ತಾ?"

"ಆಗುತ್ತೆ ಸಾರ್" ಎಂದ ಓತಾ.

ಪೊಸ್ಪೀಶಿಲ್ ಹೋದ ಮೇಲೆ ಹೆಂಡತಿ ಬ್ಲಾಜೆನಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ನಿನಗೆ ನೀನೇ ಪೋಟಿ ಕೊಡ್ತೀಯೇನೋ ಮಾರಾಯ? 'ಇಲ್ಲ' ಅನ್ನೋ ಮಾತು ನಿನ್ನ ಬಾಯಲ್ಲಿ ಯಾವಾಗ ಹುಟ್ಟೋದು?"

"ಮುಖ ಮುಚ್ಚಿರುತ್ತಲ್ಲ, ಯಾರಿಗೆ ಗೊತ್ತಾಗುತ್ತೆ?"

"ಹೊಟ್ಟೆ ಮುಚ್ಚೋಕಾಗಲ್ವಲ್ಲ."

ಬೈದರೂ ಅವಳೇ ಕವಚದ ಮೇಲೆ ತೊಡುವ ಅಂಗಿಯೊಂದನ್ನು ಹೊಲಿದುಕೊಟ್ಟಳು. ಒಂದು ಮಗ್ಗುಲು ಕೆಂಪು, ಅದರ ಮೇಲೆ ಕೊಬಿಲ್ಕಾದ ಹೆಣ್ಣು ಕುದುರೆ. ತಿರುಗಿಸಿ ತೊಟ್ಟರೆ ನೀಲಿ, ಅದರ ಮೇಲೆ ಸೀಚಿನ್‌ನ ಗೂಬೆ. ಸೀಚಿನ್‌ನಲ್ಲಿ ಕುದುರೆ ತೊಟ್ಟು ಸಾಯುವುದು, ಕೊಬಿಲ್ಕಾದಲ್ಲಿ ಗೂಬೆ ತೊಟ್ಟು ಸಾಯುವುದು.

ಸೈಕಲ್ ಬಂದದ್ದು ಅಳಿಯನಿಂದ. ಆರೋಗ್ಯ ಸುಧಾರಿಸಿಕೊಳ್ಳುತ್ತೇನೆಂದು ಅಳಿಯ ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ಕೊಂಡಿದ್ದ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ದಪ್ಪ ಟೈರು, ಎಲ್ಲೆಲ್ಲೂ ನೇತುಹಾಕಲು ಪುಟ್ಟ ಪುಟ್ಟ ಚೀಲ. ಒಂದು ಭಾನುವಾರ ಓಡಿಸಿದ. ಮುಂದಿನ ಭಾನುವಾರದವರೆಗೂ ನಿಂತುಕೊಂಡೇ ಊಟ ಮಾಡಿದ. ಆಮೇಲೆ ಸೈಕಲ್ಲನ್ನೂ, ಅದರ ಜೊತೆ ಕೊಂಡ ಮೆತ್ತೆ ಕಟ್ಟಿದ ಹಳದಿ ಚಡ್ಡಿಯನ್ನೂ ಮಾವನಿಗೆ ದಾನ ಮಾಡಿದ. ಓತಾನಿಗೆ ಆ ಸೈಕಲ್ಲು ಹಿಡಿಸಿಬಿಟ್ಟಿತು. ಸೀಚಿನ್‌ನ ಹಿತ್ತಿಲಲ್ಲಿ ಕವಚ ಬಿಚ್ಚಿ ಚೀಲಗಳಿಗೆ ತುಂಬಿ, ಬೀಚ್ ಮರಗಳ ಇಳಿಜಾರಿನಲ್ಲಿ ಕೈಬಿಟ್ಟರೆ, ಚೀಲದೊಳಗಿನ ತಗಡು ಗಲಗಲ ಅನ್ನುತ್ತಿತ್ತು. ಜಿಂಕೆಗಳು ದಾರಿ ಬಿಡುತ್ತಿದ್ದವು. ಆ ಅರ್ಧ ಗಂಟೆ ಅವನು ಯಾವ ದೊರೆಯೂ ಅಲ್ಲ, ಯಾರ ಶತ್ರುವೂ ಅಲ್ಲ. ಸೀಟಿ ಹಾಕುತ್ತ ತುಳಿಯುತ್ತಿದ್ದ. ದಾರಿಯ ಕೊನೆಯಲ್ಲಿ, ಕೊಬಿಲ್ಕಾದ ತಪ್ಪಲಲ್ಲಿ, ಬ್ಲಾಜೆನಾ ಅಡುಗೆ ಮಾಡುವ ಹೋಟೆಲು. ಕ್ನೆಡ್ಲಿಕ್ ಎಂಬ ಹಿಟ್ಟಿನ ಕಡುಬು ಆರು ಹೋಳು, ಮೇಲೆ ಮಾಂಸದ ಗಟ್ಟಿ ಸಾರು, ಒಂದು ಬಿಯರ್. ತಿಂದು, ಬಾಯಿ ಒರೆಸಿಕೊಂಡು, ಗೂಬೆ ತೊಟ್ಟು, ಸಾಯಲು ಹತ್ತುತ್ತಿದ್ದ.

ಹೀಗೆ ಎಷ್ಟೋ ಬೇಸಿಗೆ ನಡೆಯಿತು. ಯಾರಿಗೂ ತಿಳಿಯಲಿಲ್ಲ.

ಆ ವರ್ಷದ ಆಗಸ್ಟಿನ ಒಂದು ಶನಿವಾರ ಸೀಚಿನ್‌ಗೆ ನಿವೃತ್ತ ಉಪಾಧ್ಯಾಯಿನಿಯರ ಒಂದು ಬಸ್ಸು ಬಂತು. ಓತಾ ಮೆಟ್ಟಿಲುಗಳಿಂದ ಉರುಳಿ ಸತ್ತ. "ಇನ್ನೊಮ್ಮೆ!" ಎಂದರು ಉಪಾಧ್ಯಾಯಿನಿಯರು. ಆಗಲ್ಲ ಎನ್ನಲು ಬರದ ಓತಾ ಎದ್ದು ಹತ್ತಿ ಇನ್ನೊಮ್ಮೆ ಸತ್ತ. ಹಿಂದಿನ ಸಾಲಿನವರಿಗೆ ಕಾಣಲಿಲ್ಲವಂತೆ. ಅವರಿಗಾಗಿ ಮತ್ತೂ ಒಮ್ಮೆ. ಆ ಕೊನೆಯ ಸಾವಿನಲ್ಲಿ ಪಕ್ಕೆಯ ಕೊಂಡಿಗಳು ಜಜ್ಜಿಹೋಗಿ ಕವಚ ಬಿಚ್ಚಲೇ ಬರದಾಯಿತು. ಹೊತ್ತು ಮೀರಿತ್ತು. ಕವಚದಲ್ಲೇ ಸೈಕಲ್ ಹತ್ತಿದ.

ಇಳಿಜಾರಿನಲ್ಲಿ ಅವನ ಮುಂದೆ ಪ್ರಾಗ್ ನಗರದ ಮೂವರು ಸವಾರರು ಹೋಗುತ್ತಿದ್ದರು. ಮೈಗಂಟಿದ ಬಟ್ಟೆ, ಬೆರಳಲ್ಲಿ ಎತ್ತಬಹುದಾದಷ್ಟು ಹಗುರ ಸೈಕಲ್ಲು. ಅವರಲ್ಲಿ ರಾದಿಮ್ ಎಂಬುವನು, ತಾನು ಹೇಗೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿ ಹೊರೆ ಇಳಿಸಿಕೊಂಡೆ ಎಂದು ಉಳಿದಿಬ್ಬರಿಗೆ ಬೋಧಿಸುತ್ತಿದ್ದ. ಹಿಂದಿನಿಂದ ಪಾತ್ರೆ ಅಂಗಡಿಯೇ ಉರುಳಿ ಬಂದಂಥ ಸದ್ದು ಕೇಳಿಸಿತು. ಮೂವರೂ ತಿರುಗಿದರು. ಮುಸುಕು ಹಾಕಿದ ವೀರನೊಬ್ಬ, ಎದೆಯ ಮೇಲೆ ಕುದುರೆ, ಹ್ಯಾಂಡಲ್ಲಿಗೆ ಕತ್ತಿ.

"ಅಹೋಯ್!" ಎಂದು ಕವಚದೊಳಗಿನಿಂದ ಕೂಗಿ ಓತಾ ಅವರನ್ನು ದಾಟಿ ಹೋದ. ತಗಡಿನ ಭಾರಕ್ಕೆ ಇಳಿಜಾರಿನಲ್ಲಿ ಅವನನ್ನು ತಡೆಯುವವರೇ ಇರಲಿಲ್ಲ. ಬ್ರೇಕಿಗೂ ಆಗಲಿಲ್ಲ.

"ಅವನ ಸೈಕಲ್ ತೂಕ ಎಷ್ಟಿರ್ಬಹುದೋ?" ಎಂದ ಒಬ್ಬ.

"ಮುಚ್ಕೊಂಡು ತುಳಿ" ಎಂದ ರಾದಿಮ್.

ಮುಖ್ಯ ದಾರಿ ಬಿಟ್ಟು ಓತಾ ಒಳದಾರಿ ಹಿಡಿದ. ಅಲ್ಲಿ ಎರಡು ಬಂಡೆಗಳ ನಡುವೆ ಒಂದು ಸೀಳು. ಇಲಿಬಿಲ ಎಂದು ಕರೆಯುತ್ತಾರೆ. ತಲೆಯೆತ್ತಿದರೆ ಆಕಾಶ ದಾರದಷ್ಟು ಕಾಣುತ್ತದೆ. ಬೇರೆ ಶನಿವಾರಗಳಲ್ಲಿ ಅವನು ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ ಮುಂದೆ ತಳ್ಳುತ್ತ, ತಾನು ಅಡ್ಡಡ್ಡವಾಗಿ ನುಸುಳುತ್ತಿದ್ದ. ಆ ದಿನವೂ ಹಾಗೇ ನುಸುಳಿದ. ಅರ್ಧ ದಾರಿಯಲ್ಲಿ 'ಕಿರ್ರ್' ಎಂದಿತು. ಮುಂದೆ ಹೋಗಲು ನೋಡಿದ, ಎದೆಯ ತಗಡು ಬಂಡೆಗೆ ಕಚ್ಚಿತು. ಹಿಂದೆ ಸರಿಯಲು ನೋಡಿದ, ಬೆನ್ನಿನದು ಕಚ್ಚಿತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದ.

ಹಿಂದಿನಿಂದ ಪ್ರಾಗಿನವರು ಬಂದು ನಿಂತರು. ಮುಂದಿನಿಂದ, ಬುಟ್ಟಿ ತುಂಬ ಅಣಬೆ ಹೊತ್ತ ಮುದುಕಿಯೊಬ್ಬಳು ಬಂದಳು. ಅವಳ ಹೆಸರು ಅನೇಶ್ಕಾ.

"ದಾರಿ ಬಿಡಪ್ಪ" ಎಂದಳು, ನಿಂತ ಸೈಕಲ್ಲಿನ ಕಡ್ಡಿಗಳ ಸಂದಿಯಿಂದ ಇಣುಕಿ.

"ಸಿಕ್ಕಾಕ್ಕೊಂಡಿದೀನಿ ಅಜ್ಜಿ."

"ನಾನು ಹುಟ್ಟಿದಾಗಿಂದ ಈ ಬಿಲದಲ್ಲಿ ಓಡಾಡ್ತಿದೀನಿ. ಬಸುರಿಯಾಗಿದ್ದಾಗ್ಲೂ ಸಿಕ್ಕಾಕ್ಕೊಂಡಿಲ್ಲ."

"ನೀವು ತಗಡು ಹಾಕ್ಕೊಂಡಿರ್ಲಿಲ್ವಲ್ಲ."

"ಬಸುರಿ ತಗಡ್ಯಾಕಪ್ಪಾ ಹಾಕ್ಕೋತಾಳೆ?" ಎಂದು ಅವಳು ನಿಜವಾಗಿಯೂ ಯೋಚಿಸಿದಳು.

ಓತಾ ಅಂಗಲಾಚಿದ: ಹೋಟೆಲಿನ ಬ್ಲಾಜೆನಾಳಿಗೆ ಫೋನು ಮಾಡಿ, ಬೇರೆ ಯಾರಿಗೂ ಬೇಡ. ಅನೇಶ್ಕಾ ಹಾಗೇ ಮಾಡಿದಳು. ಮಾಡಿ, ಜನ ಹೆಚ್ಚಿದ್ದಷ್ಟೂ ಎಳೆಯುವುದಕ್ಕೆ ಒಳ್ಳೆಯದೆಂದು ತಂಗಿಯ ಮಗನಿಗೂ ಒಂದು ಫೋನು ಮಾಡಿದಳು. ತಂಗಿಯ ಮಗ ಯಾರೆಂದರೆ ಕೊಬಿಲ್ಕಾದ ಪೊಸ್ಪೀಶಿಲ್. ಇತ್ತ ಹಿಂದೆ, ರಾದಿಮ್ ಸಹಾಯ ತರುತ್ತೇನೆಂದು ಬಂದ ದಾರಿಯಲ್ಲೇ ಸೀಚಿನ್‌ಗೆ ಹಾರಿದ. ಹಗುರ ಸೈಕಲ್ಲು, ಬೇಗ ಹೋಗಿ ಬಂದ.

ಪೊಸ್ಪೀಶಿಲ್ ಕೊಬಿಲ್ಕಾ ದೊರೆಯ ವೇಷದಲ್ಲೇ ಏದುಸಿರು ಬಿಡುತ್ತ ಬಂದ. ಶತ್ರುವನ್ನು ಕಡಿಯುವ ಪಾತ್ರ ಅವನದೇ. ಕಡ್ಡಿಗಳ ಸಂದಿಯಿಂದ ನೋಡಿದ.

"ಜೆಲೆಂಕಾ! ಏನ್ರೀ ಇದು? ಜನ ಕಾಯ್ತಿದಾರೆ, ಬಂದು ಸಾಯ್ರೀ!" ಎಂದವನು ತಟ್ಟನೆ ನಿಂತ. "ಇರಿ ಇರಿ. ನಿಮ್ಮೆದೆ ಮೇಲೆ ಕುದುರೆ ಯಾಕಿದೆ? ನಮ್ಮ ಕುದುರೆ! ನೀವು ಗೂಬೆ ಅಲ್ವಾ?"

ಓತಾ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕ್ರೌಪೊವಾಳ ದನಿ ಬಂತು. "ಯಾರ್ರೀ ಅದು, ನಮ್ಮ ಕುದುರೆಯವನನ್ನ ಗೂಬೆ ಅಂತಿರೋದು?"

 ಓತಾ ಬಿರಡೆಯಂತೆ ನಡುವೆ ನಿಂತಿದ್ದರಿಂದ ಈ ಕಡೆಯವರಿಗೆ ಆ ಕಡೆಯವರು ಕಾಣರು. ಆದರೆ ದನಿಯ ಗುರುತು ಸಿಕ್ಕಿತ್ತು.

"ಜೆಲೆಂಕಾ ಅವರೇ," ಎಂದಳು ಕ್ರೌಪೊವಾ, ಬಲು ನಿಧಾನವಾಗಿ, "ಆ ಕಡೆ ಇರೋದು ಬನ್ನು ಎಸೆಯೋ ಮನುಷ್ಯನಾ ಅಂತ ಕೇಳಿ."

"ಸಾರ್, ಬನ್ನು ಎಸೆದವರು ನೀವೇನಾ ಅಂತ ಕೇಳ್ತಿದಾರೆ."

"ಆ ಬನ್ನು ನಾನು ಎಸೆದದ್ದಲ್ಲ, ಕೈ ಜಾರಿದ್ದು ಅಂತ ಹೇಳ್ರೀ."

"ಕೈ ಜಾರಿತ್ತಂತೆ ಮೇಡಂ."

"ಎರಡೂ ಬನ್ನು ಜಾರ್ತಾವಾ ಅಂತ ಕೇಳಿ!"

"ಎರಡೂ..."

"ಕೇಳಿಸ್ತು ಬಿಡ್ರೀ!" ಎಂದು ಪೊಸ್ಪೀಶಿಲ್ ಕಿರುಚಿದ. "ಇಷ್ಟು ದಿನ ನಮ್ಮ ದೊರೆಯನ್ನ ಅಲ್ಲಿ ಸಾಯಿಸ್ತಿದ್ದದ್ದು ನನ್ನ ಮನುಷ್ಯನ್ನೇ ಇಟ್ಕೊಂಡಾ? ಕಳ್ಳತನ ಅಲ್ವೇನ್ರೀ ಇದು?"

"ನಿಮ್ಮವನಾ? ಮೊದಲು ಸತ್ತಿದ್ದು ನಮ್ಮಲ್ಲಿ!"

"ಚೆನ್ನಾಗಿ ಸತ್ತಿದ್ದು ನಮ್ಮಲ್ಲಿ!"

ಪ್ರಾಗಿನವನೊಬ್ಬ ಮೆಲ್ಲನೆ ಓತಾನ ಬೆನ್ನು ತಟ್ಟಿದ. "ಗುರೂ, ನಿಜವಾಗಿ ನೀವು ಯಾರ ಕಡೆಯವರು?"

"ನಂಗೆ ಹಸಿವಾಗ್ತಿದೆ" ಎಂದ ಓತಾ.

ಆ ಹೊತ್ತಿಗೆ ಬ್ಲಾಜೆನಾ ಬಂದಳು. ಒಂದು ಕೈಯಲ್ಲಿ ಹಂದಿ ಕೊಬ್ಬಿನ ಡಬ್ಬಿ, ಇನ್ನೊಂದರಲ್ಲಿ ಗಂಡನ ತಗಡು ಕತ್ತರಿ. ಸೈಕಲ್ಲನ್ನು ಎಳೆದು ಆಚೆಗೆ ಹಾಕಿದಳು, ಪೊಸ್ಪೀಶಿಲ್‌ನನ್ನೂ ಹಾಗೇ ಆಚೆಗೆ ಸರಿಸಿದಳು. "ಉಸಿರು ಒಳಗೆಳ್ಕೊ" ಎಂದಳು. ಪಕ್ಕೆಯ ತಗಡಿನ ಸಂದಿಗೆಲ್ಲ ಕೊಬ್ಬು ಮೆತ್ತಿ, ಭುಜದಿಂದ ಕೆಳಕ್ಕೆ ಕತ್ತರಿಸತೊಡಗಿದಳು.

"ಹುಷಾರಮ್ಮ!" ಎಂದ ಪೊಸ್ಪೀಶಿಲ್. "ಸಂಜೆ ಒಳಗೆ ಅದನ್ನ ಹೇಗಾದರೂ ಬೆಸೆದು ಇವರು ನಮ್ಮಲ್ಲಿ ಸಾಯಬೇಕು."

"ಖಂಡಿತ ಇಲ್ಲ," ಎಂದಳು ಆ ಕಡೆಯಿಂದ ಕ್ರೌಪೊವಾ. "ಇನ್ನು ಮೇಲೆ ಇವರು ಸಾಯೋದಿದ್ರೆ ನಮ್ಮಲ್ಲಿ ಮಾತ್ರ. ಅಲ್ವಾ ಜೆಲೆಂಕಾ ಅವರೇ?"

"ನಮ್ಮಲ್ಲಿ! ಹೇಳ್ರೀ ಜೆಲೆಂಕಾ!"

"ಇಲ್ಲ" ಎಂದ ಓತಾ.

ಬ್ಲಾಜೆನಾಳ ಕೈಯಿಂದ ಕತ್ತರಿ ಬಿತ್ತು. ಇಷ್ಟು ವರ್ಷದ ದಾಂಪತ್ಯದಲ್ಲಿ ಆ ಮಾತನ್ನು ಅವಳು ಅವನ ಬಾಯಿಂದ ಕೇಳಿರಲಿಲ್ಲ. ಓತಾನಿಗೂ ಅದರ ರುಚಿ ಹೊಸದು. ಇನ್ನೊಮ್ಮೆ ಹೇಳಿನೋಡಿದ. "ಇಲ್ಲ. ನಾನು ಎಲ್ಲೂ ಸಾಯಲ್ಲ. ಇಲ್ಲೂ ಸೋತೆ, ಅಲ್ಲೂ ಸೋತೆ. ಮೊಮ್ಮಗಳು ನೋಡೋಕೆ ಬಂದ್ರೆ ಎರಡು ಕಡೆನೂ ತಾತ ಹೆಣ. ಒಂದ್ಸಲ, ಒಂದೇ ಒಂದ್ಸಲ, ನಾನು ಗೆಲ್ಲಬೇಕು."

"ಅಯ್ಯೋ, ಗೆಲ್ಲಲಿ ಬಿಡ್ರಪ್ಪ," ಎಂದಳು ಅನೇಶ್ಕಾ. "ನನ್ನ ಅಣಬೆ ಬಾಡ್ತಿದೆ."

ಕೊನೆಯ ತಗಡು ಬಿಟ್ಟಿತು. ಮುಂದಿನಿಂದ ಬ್ಲಾಜೆನಾ ಎಳೆದಳು, ಹಿಂದಿನಿಂದ ಪ್ರಾಗಿನ ಮೂವರೂ ತಳ್ಳಿದರು. ಪುಸಕ್ಕೆಂದು ಓತಾ ಹೊರಬಂದ. ಬಂದವನ ಮೈಯೆಲ್ಲ ಕೊಬ್ಬು, ಬನಿಯನ್ನು, ಹಳದಿ ಮೆತ್ತೆ ಚಡ್ಡಿ, ತಲೆಗೆ ಶಿರಸ್ತ್ರಾಣ. ಮರಳಿನ ಮೇಲೆ ಎರಡು ಪಲ್ಟಿ ಹೊಡೆದು ಕೈಕಾಲು ಚಾಚಿ ಬಿದ್ದ. ಬಿದ್ದದ್ದು ಎಷ್ಟು ಚೆನ್ನಾಗಿತ್ತೆಂದರೆ ಪೊಸ್ಪೀಶಿಲ್ ತನಗರಿವಿಲ್ಲದೆ ಚಪ್ಪಾಳೆ ತಟ್ಟಿದ. ಸೀಳಿನ ಆ ಕಡೆಯಿಂದಲೂ ಚಪ್ಪಾಳೆ ಕೇಳಿಸಿತು.

ಬಿರಡೆ ತೆರೆದಿತ್ತು. ಸೀಳಿನುದ್ದಕ್ಕೆ ಪೊಸ್ಪೀಶಿಲ್ ಮತ್ತು ಕ್ರೌಪೊವಾ ಒಬ್ಬರನ್ನೊಬ್ಬರು ನೋಡಿದರು.

"ತಲೆಯೆಲ್ಲ ಬೋಳಾಗಿದೆ ನಿಮಗೆ" ಎಂದಳು ಕ್ರೌಪೊವಾ.

"ನಿಮ್ಮ ಕನ್ನಡಕ ದಪ್ಪ ಆಗಿದೆ" ಎಂದ ಪೊಸ್ಪೀಶಿಲ್.

ಮೇಲೆ ಕೋಟೆಯಲ್ಲಿ ಜನ ಕಾಯುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಅವತ್ತು ಓತಾ ಹಳದಿ ಚಡ್ಡಿಯಲ್ಲೇ, ಕವಚವಿಲ್ಲದೆ, ಬ್ಲಾಜೆನಾ ಪಿನ್ನು ಚುಚ್ಚಿ ಕೂಡಿಸಿಕೊಟ್ಟ ಗೂಬೆಯ ಅಂಗಿ ತೊಟ್ಟು, ಸೈಕಲ್ ಮೇಲೆ ಕತ್ತಿ ಹಿರಿದು ಕೊಬಿಲ್ಕಾದ ಅಂಗಳಕ್ಕೆ ನುಗ್ಗಿದ. ಜನಕ್ಕೆ ಏನೂ ಅರ್ಥವಾಗದಿದ್ದರೂ ಹೋ ಎಂದರು. ಪ್ರಾಗಿನವರು ಮುಂದಿನ ಸಾಲಿನಲ್ಲಿ ಕೂತಿದ್ದರು, ಕ್ರೌಪೊವಾ ಅವರ ಪಕ್ಕದಲ್ಲಿ, ಕೈಕಟ್ಟಿಕೊಂಡು. ಎರಡು ಏಟು, ಮೂರು ಏಟು. ನಾಲ್ಕನೆಯದಕ್ಕೆ ಓತಾ ಪೊಸ್ಪೀಶಿಲ್‌ನ ಕಂಕುಳಿಗೆ ಕತ್ತಿ ತೂರಿಸಿದ.

ಪೊಸ್ಪೀಶಿಲ್ ಜೀವಮಾನದಲ್ಲಿ ಒಮ್ಮೆಯೂ ಸತ್ತವನಲ್ಲ. ಸುತ್ತ ನೋಡಿದ. ಜೇಬಿನಿಂದ ಕರವಸ್ತ್ರ ತೆಗೆದು ನೆಲ ಒರೆಸಿದ. ಒಂದು ಮೊಣಕಾಲು ಊರಿದ, ಸೊಂಟ ಹಿಡಿದುಕೊಂಡು ಇನ್ನೊಂದನ್ನೂ ಊರಿದ. ಆಮೇಲೆ ಮಂಚದ ಮೇಲೆ ಮಲಗುವವನಂತೆ ಮಗ್ಗುಲಾಗಿ ಮಲಗಿ, "ಸತ್ತೆ" ಎಂದ.

ಕ್ರೌಪೊವಾ ನಕ್ಕಳು. ಅವಳು ನಕ್ಕದ್ದನ್ನು ಯಾರೂ ನೋಡಿರಲಿಲ್ಲ; ಮೊದಲು ಕೆಮ್ಮೆಂದುಕೊಂಡರು. ನಕ್ಕು ನಕ್ಕು ಬೆಂಚಿನಿಂದ ಜಾರಿ ರಾದಿಮ್‌ನ ಕಾಲ ಮೇಲೆ ಕೂತಳು. ಜನ ಮಾತ್ರ ಒಪ್ಪಲಿಲ್ಲ. "ಸರಿಯಾಗಿ ಬೀಳಯ್ಯಾ!" ಎಂದು ಕೂಗಿದರು. ಓತಾ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಶಿರಸ್ತ್ರಾಣ ಕಳಚಿ, ಬೆವರಿ ಕೆಂಪಾದ ಮುಖವನ್ನು ಎಲ್ಲರಿಗೂ ತೋರಿಸುತ್ತ, ಸೈಕಲ್ಲಿನಲ್ಲಿ ಅಂಗಳವನ್ನು ಸುತ್ತುತ್ತಲೇ ಇದ್ದ. ಬ್ಲಾಜೆನಾ ಬಂದು ಹ್ಯಾಂಡಲ್ ಹಿಡಿದು ನಿಲ್ಲಿಸಬೇಕಾಯಿತು.

"ಸಾಕು ಇಳಿಯೋ. ಸಾರು ಆರೋಗ್ತಿದೆ."

"ಇಲ್ಲ" ಎಂದ ಓತಾ. ಆಮೇಲೆ ಅವಳ ಮುಖ ನೋಡಿ ಇಳಿದ.

ಆ ಸಂಜೆ ಎರಡು ಕೋಟೆಗಳ ಉಸ್ತುವಾರಿಗಳೂ ಹೋಟೆಲಿನ ಒಂದೇ ಮೇಜಿಗೆ ಕೂತು ಜಗಳವಾಡಿ ಒಂದು ಒಪ್ಪಂದಕ್ಕೆ ಬಂದರು. ತಿಂಗಳ ಕೊನೆಯ ಶನಿವಾರ ಓತಾ ಗೆಲ್ಲಬೇಕು, ಉಳಿದ ಶನಿವಾರ ಸಾಯಬೇಕು. ಮೇಜಿನ ಮೇಲಿನ ಬನ್ನುಗಳನ್ನು ಬ್ಲಾಜೆನಾ ಮುಂಚೆಯೇ ಎತ್ತಿಟ್ಟಿದ್ದಳು. ರಾದಿಮ್ ತನ್ನ ಹಗುರ ಸೈಕಲ್ಲಿಗೆ ಓತಾನಿಂದ ತಗಡಿನ ಮಡ್‌ಗಾರ್ಡ್ ಮಾಡಿಸಿಕೊಂಡ, ಇಳಿಜಾರಿಗೆ ಬೇಕಂತೆ.

ಗೆಲ್ಲುವ ದಿನ ಎದುರಾಳಿ ಬೀಳಲೇಬೇಕಲ್ಲ? ಅದಕ್ಕೆ ಓತಾ ಈಗ ವಾರದ ನಡುವೆ ಹೋಟೆಲಿನ ಹಿಂದಿನ ಹುಲ್ಲಿನ ಮೇಲೆ ಪೊಸ್ಪೀಶಿಲ್‌ನಿಗೆ ಬೀಳಲು ಕಲಿಸುತ್ತಾನೆ. ಕ್ರೌಪೊವಾಳೂ ಬರುತ್ತಾಳೆ. ನೋಡಲು ಮಾತ್ರ ಎನ್ನುತ್ತಾಳೆ. ಮೊನ್ನೆ ಪೊಸ್ಪೀಶಿಲ್ ಕಣ್ಣು ಮುಚ್ಚಿ, ಕೈ ಚಾಚಿ, ಮರ ಕಡಿದಂತೆ ದೊಪ್ಪೆಂದು ಬಿದ್ದನಂತೆ.

"ಹೇಗಿತ್ತು?" ಎಂದು ಹುಲ್ಲಿನೊಳಗಿಂದ ಕೇಳಿದನಂತೆ.

"ಮೊಣಕೈ ಮೊದಲು ಬಂತು ಸಾರ್" ಎಂದನಂತೆ ಓತಾ. "ಎದ್ದೇಳಿ, ಇನ್ನೊಂದ್ಸಲ."